ಟ್ರಕ್ ಸೆಲ್ಫ್ ತಗೊಳ್ತಿಲ್ವಾ? ದಪ್ಪ ಬ್ಯಾಟರಿ ಕೇಬಲ್ ಹಾಕ್ಸೋಕ್ ಮುಂಚೆ ಮಲ್ಟಿಮೀಟರ್ ಹಿಡೀರಿ

ಕೀ ತಿರುಗಿಸಿದ್ರೆ ಇಂಜಿನ್ ಒಂದೇ ಏಟಿಗೆ ಎತ್ತಲ್ಲ, ಉಂಯ್... ಉಂಯ್... ಅಂತ ಎಳ್ಕೊಂಡು ಎಳ್ಕೊಂಡು ಎರಡು ಸುತ್ತು ಹಾಕಿ ನಿಂತ್ಬಿಡುತ್ತೆ, ಡ್ಯಾಶ್‌ಬೋರ್ಡ್ ಲೈಟೆಲ್ಲಾ ಮಂಕಾಗುತ್ತೆ, ಇಲ್ಲಾಂದ್ರೆ ಬರೀ ಟಕಟಕಟಕ ಅಂತ ಸದ್ದು. ಈ ಕಂಪ್ಲೇಂಟ್ ಬಂದ ತಕ್ಷಣ ಮೊದಲು ಬ್ಯಾಟರಿ ಬದಲಾಯಿಸ್ತಾರೆ, ಸರಿ ಹೋಗ್ಲಿಲ್ಲ ಅಂದ್ರೆ ಸೆಲ್ಫ್ ಮೋಟಾರ್ ಬಿಚ್ಚಿಸ್ತಾರೆ, ಅದೂ ಆಗ್ಲಿಲ್ಲ ಅಂದ್ರೆ "ಕೇಬಲ್ ಸಣ್ಣದಿದೆ ಅಣ್ಣ, ದಪ್ಪದ್ದು ಹಾಕ್ಬಿಡಿ" ಅಂತ ಯಾರಾದ್ರೂ ಹೇಳ್ತಾರೆ. ಹಾಕಿದ್ಮೇಲೆ ಕೆಲವೊಂದ್ಸಲ ನಿಜವಾಗ್ಲೂ ಸರಿ ಹೋಗುತ್ತೆ, ಆದ್ರೆ ಬಹಳಷ್ಟು ಸಲ ಅದು ಕೇಬಲ್ ದಪ್ಪ ಆಗಿದ್ದಕ್ಕಲ್ಲ, ಹೊಸ ಕೇಬಲ್ ಜೊತೆ ಹೊಸ ಲಗ್ (ಕೇಬಲ್ ತುದಿಗೆ ಹಾಕೋ ರಂಧ್ರ ಇರೋ ತಾಮ್ರದ ತುಂಡು) ಬಂತು, ಕಿಲುಬು ಹಿಡಿದ ಹಳೇ ತುದಿಗಳು ಹೋದ್ವು, ಅದಕ್ಕೆ. ಯಾವ ತುದಿ ಕೆಟ್ಟಿದೆ ಅಂತ ಗೊತ್ತಿದ್ರೆ ಬರೀ ಅಷ್ಟನ್ನೇ ಸರಿ ಮಾಡಬಹುದಿತ್ತು.

ನಾನು ಇದನ್ನ ಕಲಿತಿದ್ದು ನಮ್ಮ 24 ವೋಲ್ಟ್ ಟ್ರಕ್ಕಲ್ಲಿ. ಬೆಳಿಗ್ಗೆ ತಣ್ಣಗಿದ್ದಾಗ ಹೇಗೋ ಸ್ಟಾರ್ಟ್ ಆಗ್ತಿತ್ತು, ನಾಲ್ಕು ಗಂಟೆ ಓಡಿಸಿ ಲೋಡ್ ಇಳಿಸೋಕೆ ನಿಲ್ಲಿಸಿ ಮತ್ತೆ ಕೀ ತಿರುಗಿಸಿದ್ರೆ ಎತ್ತುತ್ತಾನೇ ಇರ್ಲಿಲ್ಲ. ಎರಡೂ ಬ್ಯಾಟರಿ ಹೊಸದು ಬಂತು. ಸೆಲ್ಫ್ ಮೋಟಾರ್ ಬಿಚ್ಚಿ ಬುಷ್, ಬ್ರಷ್ ಎಲ್ಲಾ ಬದಲಾಯಿಸಿ ಹಾಕಿದ್ವಿ. ಎರಡು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಕೊನೆಗೆ ದಪ್ಪ ಪಾಸಿಟಿವ್ ಕೇಬಲ್ ಮಾಡಿಸೋಣ ಅಂತ ಅಳತೆ ತಗೊಳ್ಳೋಕೆ ಗಾಡಿ ಕೆಳಗೆ ಮಲಗಿದ್ದಾಗ ಜೊತೆಗಿದ್ದ ಎಲೆಕ್ಟ್ರಿಷಿಯನ್ "ಅಳತೆ ಆಮೇಲೆ ತಗೊಳ್ಳಿ, ಮೊದಲು ವೋಲ್ಟೇಜ್ ಎಲ್ಲಿ ಸೋರ್ತಿದೆ ನೋಡೋಣ" ಅಂದ್ರು. ಸೆಲ್ಫ್ ಹೊಡೆದಾಗ ಬ್ಯಾಟರಿ ಪೋಸ್ಟ್ ಮೇಲೆ 21.6 ವೋಲ್ಟ್ ಇತ್ತು, ಅದೇ ಹೊತ್ತಲ್ಲಿ ಸೆಲ್ಫ್ ಮೋಟಾರ್ ಹತ್ರ 17.4. ದಾರೀಲಿ 4.2 ವೋಲ್ಟ್ ಮಾಯ. ಪಾಸಿಟಿವ್ ಕಡೆ ನೋಡಿದ್ರೆ 0.7 ಸಿಕ್ತು, ಉಳಿದ 3.5 ಪೂರ್ತಿ ಅರ್ಥ್ ಕಡೆ, ಅಂದ್ರೆ ಕರೆಂಟ್ ಚಾಸಿ ಮೂಲಕ ಬ್ಯಾಟರಿ ನೆಗೆಟಿವಿಗೆ ವಾಪಸ್ ಬರೋ ದಾರೀಲಿ. ಗೇರ್‌ಬಾಕ್ಸಿಂದ ಚಾಸಿಗೆ ಬರೋ ಹೆಣಿಗೆ ಅರ್ಥ್ ಪಟ್ಟಿ ಇರುತ್ತಲ್ಲ, ಅದರ ಚಾಸಿ ಕಡೆ ತುದಿ ಮಣ್ಣು, ತುಕ್ಕು, ಹಳೇ ಪೇಂಟ್ ಎಲ್ಲಾ ಸೇರಿ ಗಟ್ಟಿಯಾಗಿತ್ತು, ಬೋಲ್ಟ್ ಬಿಗಿಯಾಗೇ ಇತ್ತು, ಆದ್ರೆ ಪಟ್ಟಿಯ ಎಳೆಗಳಲ್ಲಿ ಅರ್ಧಕ್ಕರ್ಧ ಲಗ್ ಬುಡದಲ್ಲೇ ತುಂಡಾಗಿದ್ವು. ಪಟ್ಟಿ ಬದಲಾಯಿಸಿ ಚಾಸಿ ಉಜ್ಜಿ ಹಾಕಿದ್ವಿ, ಕೀ ಮುಟ್ಟಿದ್ರೆ ಸ್ಟಾರ್ಟ್. ನಾನು ಮಾಡಿಸ್ಬೇಕು ಅಂತಿದ್ದ ದಪ್ಪ ಪಾಸಿಟಿವ್ ಕೇಬಲ್ಲಿಂದ ಹೆಚ್ಚೆಂದ್ರೆ ಆ 0.7ರಲ್ಲಿ ಸ್ವಲ್ಪ ಉಳೀತಿತ್ತು, 3.5 ಹಾಗೇ ಇರ್ತಿತ್ತು.

ಲೈಟ್ ಉರಿಯುತ್ತೆ ಅಂದ್ರೆ ಕೇಬಲ್ ಸರಿ ಇದೆ ಅಂತಲ್ಲ

ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತೆ, ಹಾರ್ನ್ ಹೊಡೆಯುತ್ತೆ, ಟೆಸ್ಟ್ ಲ್ಯಾಂಪ್ ಹಿಡಿದ್ರೂ ಉರಿಯುತ್ತೆ, ಆದ್ರೂ ಸೆಲ್ಫ್ ಎತ್ತಲ್ಲ, ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಹೆಡ್‌ಲೈಟಿಗೆ ಬೇಕಾಗೋದು ಹತ್ತು ಆಂಪ್ ಆಸುಪಾಸು, ಡೀಸೆಲ್ ಟ್ರಕ್ಕಿನ ಸೆಲ್ಫ್ ಮೋಟಾರಿಗೆ ನೂರಾರು ಆಂಪ್, ದೊಡ್ಡ ಇಂಜಿನ್ ಆದ್ರೆ ಮೊದಲ ಕ್ಷಣದಲ್ಲಿ ಸಾವಿರದ ಹತ್ರಾನೂ ಹೋಗುತ್ತೆ. 5 ಮಿಲಿ ಓಮ್ ತಡೆ ಇರೋ ಒಂದು ಕೆಟ್ಟ ಜಾಯಿಂಟ್ ತಗೊಳ್ಳಿ. 10 ಆಂಪಿಗೆ ಅದು ತಿನ್ನೋದು 0.05 ವೋಲ್ಟ್, ಯಾರಿಗೂ ಗೊತ್ತೇ ಆಗಲ್ಲ. ಅದೇ ಜಾಯಿಂಟ್ 400 ಆಂಪಿಗೆ 2 ವೋಲ್ಟ್ ತಿನ್ನುತ್ತೆ, ಅಂದ್ರೆ ಆ ಒಂದು ಲಗ್ ಮೇಲೆ 800 ವ್ಯಾಟ್ ಶಾಖ, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ಮೀಟರನ್ನ ಓಮ್ಸಿಗೆ ಹಾಕಿ ಕೇಬಲ್ ಚೆಕ್ ಮಾಡಿದ್ರೂ ಇದು ಸಿಗಲ್ಲ, ಸಾಮಾನ್ಯ ಮೀಟರಿನ ಪ್ರೋಬ್ ವೈರುಗಳ ತಡೆಯೇ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಒಂದೇ ಒಂದು ತಾಮ್ರದ ಎಳೆ ಉಳಿದಿದ್ರೂ ಮೀಟರ್ ಬೀಪ್ ಅನ್ನುತ್ತೆ. ಹಾಗಾಗಿ ಕರೆಂಟ್ ಹರೀತಿರೋವಾಗ್ಲೇ ಅಳೀಬೇಕು, ಬೇರೆ ದಾರಿ ಇಲ್ಲ.

ಸದ್ದಿಂದಾನೂ ಸ್ವಲ್ಪ ಗೊತ್ತಾಗುತ್ತೆ. ಟಕಟಕಟಕ ಅಂತ ಬಿಡದೆ ಬಡಿತಿದ್ರೆ ಸೋಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಕೂಡಿಸೋ ದೊಡ್ಡ ಸ್ವಿಚ್) ಎಳ್ಕೊಳ್ತಿದೆ, ಕಾಂಟ್ಯಾಕ್ಟ್ ಕೂಡ್ತಿದ್ದ ಹಾಗೇ ಮೋಟಾರ್ ಕರೆಂಟ್ ಎಳೆದು ವೋಲ್ಟೇಜ್ ಕುಸೀತಿದೆ, ಸೋಲೆನಾಯ್ಡ್ ಹಿಡಿತ ಬಿಡ್ತಿದೆ, ಮತ್ತೆ ವೋಲ್ಟೇಜ್ ಏರ್ತಿದೆ ಅಂತ ಅರ್ಥ, ಇದು ಡೌನ್ ಆಗಿರೋ ಬ್ಯಾಟರಿ ಅಥವಾ ಕೆಟ್ಟ ಕೇಬಲ್. ಒಂದೇ ಒಂದು ಟಕ್ ಬಂದು ಮೌನ ಆದ್ರೆ ಸೋಲೆನಾಯ್ಡ್ ಕಾಂಟ್ಯಾಕ್ಟ್ ಸುಟ್ಟಿರಬಹುದು, ಬ್ರಷ್ ಹೋಗಿರಬಹುದು, ಮೋಟಾರ್ ಜಾಮ್ ಆಗಿರಬಹುದು. ಸದ್ದೇ ಇಲ್ಲ ಅಂದ್ರೆ ಕೀ ಸ್ವಿಚ್, ರಿಲೇ, ಸೋಲೆನಾಯ್ಡಿಗೆ ಹೋಗೋ ಸಣ್ಣ ವೈರ್ ಕಡೆ ಹೋಗಿ, ದಪ್ಪ ಕೇಬಲ್ ಮಾತು ಆಮೇಲೆ.

ಮೊದಲು ಬ್ಯಾಟರಿ

ಬ್ಯಾಟರಿಯಲ್ಲಿ ದಮ್ಮಿಲ್ದೆ ಕೇಬಲ್ ಟೆಸ್ಟ್ ಮಾಡಿದ್ರೆ ಬರೋ ನಂಬರಿಗೆ ಅರ್ಥ ಇರಲ್ಲ. ಗಾಡಿ ಕೆಲವು ಗಂಟೆ ನಿಂತಿದ್ಮೇಲೆ ಪ್ರತಿ 12 ವೋಲ್ಟ್ ಬ್ಯಾಟರಿ ಮೇಲೆ 12.6 ಅಥವಾ ಸ್ವಲ್ಪ ಮೇಲೆ ಬಂದ್ರೆ ಫುಲ್ ಚಾರ್ಜ್, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, ಅದಕ್ಕಿಂತ ಕೆಳಗಿದ್ರೆ ಚಾರ್ಜ್ ಮಾಡಿಯೇ ಮುಂದೆ ಹೋಗಿ. ಆಮೇಲೆ ಸೆಲ್ಫ್ ಹೊಡೀತಾ ನೋಡಿ, ತೀರಾ ಚಳಿ ಇಲ್ದಿದ್ರೆ ಒಂದೊಂದು ಬ್ಯಾಟರಿಯೂ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. 24 ವೋಲ್ಟ್ ಗಾಡಿಯಲ್ಲಿ ಎರಡು ಬ್ಯಾಟರಿ ಸೀರಿಸಲ್ಲಿ, ಅಂದ್ರೆ ಒಂದರ ಪಾಸಿಟಿವಿಗೆ ಇನ್ನೊಂದರ ನೆಗೆಟಿವ್ ಕೂಡಿಸಿ ಇರ್ತವೆ, ಅವನ್ನ ಬೇರೆ ಬೇರೆಯಾಗೇ ಅಳೀರಿ, ಒಂದು 11ರಲ್ಲಿ ನಿಂತು ಇನ್ನೊಂದು 8ಕ್ಕೆ ಬಿದ್ರೆ ಕೇಬಲ್ ಕಡೆ ನೋಡೋ ಅವಶ್ಯಕತೆ ಸದ್ಯಕ್ಕೆ ಇಲ್ಲ, ಬ್ಯಾಟರಿ ಹೋಗಿದೆ. ಬದಲಾಯಿಸೋದಾದ್ರೆ ಜೋಡಿಯಾಗಿ ಬದಲಾಯಿಸಿ, ಹಳೇದು ಹೊಸದು ಸೀರಿಸಲ್ಲಿ ಕೂಡಿಸಿದ್ರೆ ಹಳೇದು ಹೊಸದನ್ನೂ ಕೆಡಿಸುತ್ತೆ.

ಬ್ಯಾಟರಿ ಚೆನ್ನಾಗಿದ್ದೂ ಮತ್ತೆ ಮತ್ತೆ ಡೌನ್ ಆಗ್ತಿದ್ರೆ ಇಂಜಿನ್ ಓಡ್ತಿರೋವಾಗ ಚಾರ್ಜಿಂಗ್ ನೋಡಿ, 12ರ ಗಾಡಿಗೆ ಸುಮಾರು 13.8ರಿಂದ 14.5, 24ಕ್ಕೆ ಅದರ ಎರಡರಷ್ಟು ಬರಬೇಕು. ಡೈನಮೋ ಮೇಲೆ ಸರಿಯಾಗಿ ಬಂದು ಬ್ಯಾಟರಿ ಮೇಲೆ ಕಮ್ಮಿ ಬಂದ್ರೆ ಅದೂ ಕೇಬಲ್ಲಿನ ಕಂಪ್ಲೇಂಟೇ.

ವೋಲ್ಟೇಜ್ ಎಲ್ಲಿ ಸೋರ್ತಿದೆ ಅಂತ ಹಿಡಿಯೋದು

ಇಬ್ರು ಬೇಕು. ಒಬ್ರು ಕ್ಯಾಬಿನ್ನಲ್ಲಿ ಕೂತು ಸೆಲ್ಫ್ ಹೊಡೀಬೇಕು, ಇನ್ನೊಬ್ರು ಮೀಟರ್ ಹಿಡೀಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಟ್ಟಿರಲಿ, ಇಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ಎಳೆದಿಡಿ ಅಥವಾ ಫ್ಯೂಯಲ್ ಕಟ್ ಮಾಡಿ. ಉಂಗುರ, ವಾಚು, ಕೈಯಲ್ಲಿರೋ ಕಡಗ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಇದನ್ನ ಸುಮ್ನೆ ಹೇಳ್ತಿಲ್ಲ, ಪಾಸಿಟಿವಿಗೂ ಚಾಸಿಗೂ ಮಧ್ಯೆ ಉಂಗುರ ಸಿಕ್ರೆ ಬೆರಳಲ್ಲಿರೋವಾಗ್ಲೇ ಕೆಂಪಗೆ ಕಾಯುತ್ತೆ. ಒಂದು ಸಲಕ್ಕೆ ಐದು ಸೆಕೆಂಡ್ ಹೊಡೆದ್ರೆ ಸಾಕು, ಹತ್ತು ದಾಟಬೇಡಿ, ಮಧ್ಯೆ ಎರಡು ನಿಮಿಷ ಬಿಡಿ, ಇಲ್ದಿದ್ರೆ ಸೆಲ್ಫ್ ಮೋಟಾರ್ ಕಾದು ವೈಂಡಿಂಗ್ ಸುಟ್ಟುಹೋಗುತ್ತೆ.

ಮೀಟರ್ ಡಿಸಿ ವೋಲ್ಟಲ್ಲಿ ಇರಲಿ. ಕೆಂಪು ಪ್ರೋಬನ್ನ ಬ್ಯಾಟರಿಯ ಪಾಸಿಟಿವ್ ಪೋಸ್ಟ್ ಮೇಲೆ ಒತ್ತಿ, ಪೋಸ್ಟ್ ಅಂದ್ರೆ ಆ ಸೀಸದ ಗೂಟ, ಅದರ ಸುತ್ತ ಇರೋ ಕ್ಲಾಂಪ್ ಮೇಲೆ ಇಡಬೇಡಿ. ಕಪ್ಪು ಪ್ರೋಬನ್ನ ಸೆಲ್ಫ್ ಮೋಟಾರಿನ ದಪ್ಪ ಕೇಬಲ್ ಬಂದು ಕೂರೋ ಸ್ಟಡ್ (ಬೋಲ್ಟಿನಂಥ ಗೂಟ) ತುದಿಗೆ ಒತ್ತಿ, ನಟ್ಟಿಗೂ ಅಲ್ಲ ಲಗ್ಗಿಗೂ ಅಲ್ಲ. ಸುಮ್ನಿದ್ದಾಗ ಮೀಟರ್ ಸೊನ್ನೆ ತೋರ್ಸುತ್ತೆ. "ಹೊಡಿ" ಅನ್ನಿ, ಇಂಜಿನ್ ತಿರುಗ್ತಿರೋವಾಗ ಬರೋ ನಂಬರೇ ಪಾಸಿಟಿವ್ ದಾರಿ ಪೂರ್ತಿ ತಿಂದ ವೋಲ್ಟೇಜ್. 12 ವೋಲ್ಟ್ ಗಾಡಿಗೆ ಇದು 0.5 ಒಳಗಿರಬೇಕು. ಆಮೇಲೆ ಕಪ್ಪು ಪ್ರೋಬ್ ಬ್ಯಾಟರಿ ನೆಗೆಟಿವ್ ಪೋಸ್ಟಿಗೆ, ಕೆಂಪು ಪ್ರೋಬ್ ಸೆಲ್ಫ್ ಮೋಟಾರಿನ ಬಾಡಿಗೆ, ಪೇಂಟ್ ಇಲ್ಲದ ಜಾಗ ಉಜ್ಜಿ ಇಡಿ. ಹೊಡೆದಾಗ ಇದು 0.2, ಹೆಚ್ಚೆಂದ್ರೆ 0.3. 24 ವೋಲ್ಟ್ ಗಾಡಿಗೆ ಎರಡೂ ಕಡೆ ಇದರ ಎರಡರಷ್ಟು ತನಕ ನಡಿಯುತ್ತೆ. ಇದರಲ್ಲಿ ಯಾವ ಕಡೆ ಜಾಸ್ತಿ ಬಂತೋ ಆ ಕಡೆ ಮಾತ್ರ ಮುಂದುವರೀರಿ.

ಮುಂದುವರಿಯೋದು ಅಂದ್ರೆ ದಾರಿಯನ್ನ ತುಂಡು ತುಂಡು ಮಾಡಿ ಅಳಿಯೋದು. ಪೋಸ್ಟಿಂದ ಕ್ಲಾಂಪಿಗೆ, ಕ್ಲಾಂಪಿಂದ ಕೇಬಲ್ ಲಗ್ಗಿಗೆ, ಲಗ್ಗಿಂದ ಕಟಾಫ್ ಸ್ವಿಚ್ಚಿನ (ಬ್ಯಾಟರಿ ಲೈನ್ ಕಟ್ ಮಾಡೋ ಸ್ವಿಚ್) ಬೋಲ್ಟಿಗೆ, ಸ್ವಿಚ್ಚಿನ ಈ ಬೋಲ್ಟಿಂದ ಆ ಬೋಲ್ಟಿಗೆ, ಹೀಗೆ. ಒಳ್ಳೇ ಜಾಯಿಂಟ್ ಆದ್ರೆ ಒಂದೊಂದೂ 0.05ಕ್ಕಿಂತ ಕಮ್ಮಿ ಬರುತ್ತೆ, ಸೊನ್ನೆಯೇ ಅನ್ನಬಹುದು, ಎಲ್ಲಿ ಅಂಕೆ ದಿಢೀರ್ ಹಾರುತ್ತೋ ಅಲ್ಲೇ ದೋಷ. ಪೋಸ್ಟಿಗೂ ಕ್ಲಾಂಪಿಗೂ ಮಧ್ಯೆ 0.8 ವೋಲ್ಟ್ ಬಂದಿದ್ದನ್ನ ನಾನು ನೋಡಿದ್ದೀನಿ, ಹೊರಗಿಂದ ನೋಡಿದ್ರೆ ಥಳಥಳ ಅಂತಿತ್ತು, ಬಿಚ್ಚಿದ್ರೆ ಒಳಗೆ ಸೀಸದ ಮೇಲೆ ಕಪ್ಪು ಪದರ ಕಟ್ಟಿತ್ತು, ಎಮ್ರಿ ಪೇಪರಲ್ಲಿ ಎರಡು ನಿಮಿಷ ಉಜ್ಜಿದ್ದಕ್ಕೆ 0.02ಕ್ಕೆ ಇಳೀತು. ಸೀರಿಸ್ ಬ್ಯಾಟರಿ ಇದ್ರೆ ಎರಡರ ಮಧ್ಯೆ ಇರೋ ಲಿಂಕ್ ಕೇಬಲ್ ಮರೀಬೇಡಿ, ಅಷ್ಟೂ ಕರೆಂಟ್ ಅದರಲ್ಲೇ ಹೋಗೋದು, ಗಿಡ್ಡ ಇದೆ ಅಂತ ಯಾರೂ ಅದನ್ನ ನೋಡಲ್ಲ. ಕಟಾಫ್ ಸ್ವಿಚ್ಚೂ ಅಷ್ಟೇ, ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಗುಳಿ ಬಿದ್ದಿರುತ್ತೆ, ಹೊರಗಿಂದ ಹಿಡಿ ಮಾತ್ರ ಚೆನ್ನಾಗಿ ತಿರುಗುತ್ತೆ.

ಸೋಲೆನಾಯ್ಡಿನ ಎರಡು ದಪ್ಪ ಸ್ಟಡ್ ಮಧ್ಯೆ ಅಳಿಯೋವಾಗ ಮಾತ್ರ ಒಂದು ವಿಷಯ ನೆನಪಿಡಿ, ಸೆಲ್ಫ್ ಹೊಡೀದೆ ಇದ್ದಾಗ ಅಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಕಾಣುತ್ತೆ, ಗಾಬರಿ ಬೇಡ, ಕಾಂಟ್ಯಾಕ್ಟ್ ಕೂಡಿದ ಮೇಲೆ 0.3ಕ್ಕಿಂತ ಕೆಳಗೆ ಬಂದ್ರೆ ಸರಿ. ಅಲ್ಲಿ 1 ವೋಲ್ಟ್ ನಿಂತ್ರೆ ಕಾಂಟ್ಯಾಕ್ಟ್ ಪ್ಲೇಟ್ ಸುಟ್ಟಿದೆ, ಎಷ್ಟು ದಪ್ಪ ಕೇಬಲ್ ಹಾಕಿದ್ರೂ ಹೋಗಲ್ಲ.

ಮೀಟರೇ ಇಲ್ಲದ ಜಾಗದಲ್ಲಿ ಸಿಕ್ಕಾಕೊಂಡ್ರೆ ಒಂದು ಉಪಾಯ ಇದೆ. ಒಂದು ಗಟ್ಟಿ ಜಂಪರ್ ಕೇಬಲ್ ತಗೊಂಡು ಬ್ಯಾಟರಿ ನೆಗೆಟಿವಿಂದ ನೇರ ಇಂಜಿನ್ ಬ್ಲಾಕಿನ ಗಟ್ಟಿ ಕಬ್ಬಿಣಕ್ಕೆ ಕಚ್ಚಿಸಿ, ಬೆಲ್ಟು, ಫ್ಯಾನು, ಡೀಸೆಲ್ ಪೈಪಿಂದ ದೂರ ಇರಲಿ. ಸೆಲ್ಫ್ ಹುಮ್ಮಸ್ಸಿಂದ ತಿರುಗಿದ್ರೆ ನಿಮ್ಮ ಅರ್ಥ್ ಕೆಟ್ಟಿದೆ, ಮುಗೀತು. ಇನ್ನೊಂದು, ಸೆಲ್ಫ್ ಹೊಡೆದು ನಿಲ್ಲಿಸಿದ ತಕ್ಷಣ ಒಂದೊಂದು ಲಗ್ಗನ್ನೂ ಬೆರಳಿಂದ ಹುಷಾರಾಗಿ ಮುಟ್ಟಿ ನೋಡಿ, ಕೆಟ್ಟ ಜಾಯಿಂಟ್ ಬಿಸಿಯಾಗಿರುತ್ತೆ, ಪಕ್ಕದ್ದು ತಣ್ಣಗಿರುತ್ತೆ. ಗೇರ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಬಿಸಿಯಾಗ್ತಿದ್ರೆ ಅರ್ಥ್ ಪಟ್ಟಿ ಪೂರ್ತಿ ಹೋಗಿದೆ ಅಂತ, ಕರೆಂಟು ಬೇರೆ ದಾರಿ ಹುಡುಕ್ಕೊಂಡು ಆ ತಂತಿ ಮೂಲಕ ಬರ್ತಿದೆ, ಆ ಗಾಡೀನ ಹಾಗೇ ಓಡಿಸಬೇಡಿ.

ಎರಡೂ ಕಡೆ ನಂಬರ್ ಚೆನ್ನಾಗಿದ್ದು, ಬ್ಯಾಟರಿಯೂ ಚೆನ್ನಾಗಿದ್ದು, ಆದ್ರೂ ನಿಧಾನ ತಿರುಗ್ತಿದೆಯಾ, ಡಿಸಿ ಅಳಿಯೋ ಕ್ಲಾಂಪ್ ಮೀಟರ್ ಇದ್ರೆ ಕೇಬಲ್ ಸುತ್ತ ಹಾಕಿ ನೋಡಿ. ಕರೆಂಟ್ ತುಂಬಾ ಜಾಸ್ತಿ, ತಿರುಗೋದು ನಿಧಾನ ಅಂದ್ರೆ ಸೆಲ್ಫ್ ಮೋಟಾರ್ ಬುಷ್ ಸವೆದು ಆರ್ಮೇಚರ್ (ಒಳಗೆ ತಿರುಗೋ ಭಾಗ) ಉಜ್ಜುತ್ತಿದೆ, ಇಲ್ಲಾ ಇಂಜಿನ್ನೇ ಬಿಗಿ. ಕರೆಂಟೂ ಕಮ್ಮಿ, ತಿರುಗೋದೂ ನಿಧಾನ ಅಂದ್ರೆ ಎಲ್ಲೋ ತಡೆ ಇದೆ, ಮೋಟಾರ್ ಒಳಗಿನ ಬ್ರಷ್ಷಲ್ಲೂ ಇರಬಹುದು.

ಕೇಬಲ್ಲೇ ಹೋಗಿದೆ ಅಂತ ಗೊತ್ತಾದ್ಮೇಲೆ

ಕೇಬಲ್ಲಿನ ಈ ಲಗ್ಗಿಂದ ಆ ಲಗ್ಗಿಗೆ ಅಳೆದಾಗ ಜಾಸ್ತಿ ಬಂದ್ರೆ ಮಾತ್ರ ಕೇಬಲ್ ಕೆಟ್ಟಿದೆ ಅಂತ. ಬದಲಾಯಿಸೋ ಮುಂಚೆ ಹಳೇದರ ತುದಿಯಿಂದ ಒಂದು ಗೇಣು ಇನ್ಸುಲೇಷನ್ ಸೀಳಿ ನೋಡಿ. ಒಳ್ಳೇ ತಾಮ್ರ ಕೆಂಪಗಿರುತ್ತೆ. ಆಸಿಡ್ ಹಬೆ ಹೊಕ್ಕಿರೋ ಕೇಬಲ್ ಲಗ್ ಹತ್ರ ಹಸಿರು ಕಿಲುಬು, ಅದರಾಚೆ ಕಪ್ಪು, ಬೆರಳಲ್ಲಿ ತಿಕ್ಕಿದ್ರೆ ಎಳೆಗಳು ಪುಡಿಪುಡಿ ಉದುರ್ತವೆ. ಒಂದ್ಸಲ ಹೀಗೆ ಸೀಳ್ತಾ ಹೋಗಿ ಒಂದೂವರೆ ಅಡಿ ದಾಟಿದ್ರೂ ಕಪ್ಪು ಮುಗೀಲಿಲ್ಲ. ಅಂಥ ಕೇಬಲ್ ತುದಿ ಕತ್ತರಿಸಿ ಹೊಸ ಲಗ್ ಹಾಕಿದ್ರೆ ಆರು ತಿಂಗಳೂ ಬರಲ್ಲ, ಪೂರ್ತಿ ಬದಲಾಯಿಸಿ.

ದಪ್ಪ ಎಷ್ಟು ಬೇಕು ಅನ್ನೋದಕ್ಕೆ ಲೆಕ್ಕ ಸುಲಭ. ತಾಮ್ರದ ಕೇಬಲ್ ಒಂದು ಮೀಟರಿಗೆ 35 ಸ್ಕ್ವೇರ್ ಎಂಎಂ ಆದ್ರೆ ಸುಮಾರು 0.49 ಮಿಲಿ ಓಮ್, 50ಕ್ಕೆ 0.34, 70ಕ್ಕೆ 0.25. ಮೂರು ಮೀಟರ್ ದೂರ, 400 ಆಂಪ್ ಅಂತ ಇಟ್ಕೊಳ್ಳಿ, 50ರ ಕೇಬಲ್ 0.4 ವೋಲ್ಟ್ ತಿನ್ನುತ್ತೆ, 70ರದ್ದು 0.3. ವ್ಯತ್ಯಾಸ 0.1 ವೋಲ್ಟ್ ಮಾತ್ರ. ಇದೇ ಕಾರಣಕ್ಕೆ ನಾನು ಪದೇ ಪದೇ ತುದಿ, ತುದಿ ಅಂತ ಹೇಳ್ತಿರೋದು. ಹಾಗಂತ ದಪ್ಪ ಹಾಕೋದು ದಂಡ ಅಂತಲ್ಲ, ಬ್ಯಾಟರಿ ಜಾಗ ಬದಲಾಗಿ ಕೇಬಲ್ ಉದ್ದ ಆಗಿದ್ರೆ, ದೊಡ್ಡ ಸೆಲ್ಫ್ ಹಾಕಿಸಿದ್ರೆ, ತೀರಾ ಚಳಿ ಇರೋ ಕಡೆ ಗಾಡಿ ಓಡಿಸ್ತಿದ್ರೆ ಒಂದು ಸೈಜ್ ಮೇಲಿನದು ಹಾಕೋದು ಒಳ್ಳೇದೇ, 12 ವೋಲ್ಟ್ ಗಾಡಿಗಂತೂ ಒಂದೊಂದು ಪಾಯಿಂಟೂ ಮುಖ್ಯ. ಅರ್ಥ್ ಕಡೆಯೂ ಅಷ್ಟೇ ದಪ್ಪ ಇರಬೇಕು, ಪಾಸಿಟಿವ್ 70 ಹಾಕಿ ಅರ್ಥ್ ಹಳೇ 25 ಬಿಟ್ರೆ ಕರೆಂಟ್ ವಾಪಸ್ ಬರೋದು ಆ ಸಣ್ಣ ದಾರಿಯಲ್ಲೇ. ಅತಿ ದಪ್ಪಕ್ಕೂ ಹೋಗಬೇಡಿ, ಬಗ್ಗದ ಕೇಬಲ್ ಇಂಜಿನ್ ಅಲುಗಾಡಿದಾಗೆಲ್ಲಾ ಸೆಲ್ಫ್ ಸ್ಟಡ್ಡನ್ನ ಜಗ್ಗುತ್ತೆ.

ಕೊಳ್ಳೋವಾಗ ಹೊರಗಿನ ದಪ್ಪ ನೋಡಿ ಮೋಸ ಹೋಗೋರು ಜಾಸ್ತಿ. ರಬ್ಬರ್ ದಪ್ಪ, ಒಳಗೆ ತಾಮ್ರ ಕಮ್ಮಿ. ಎಳೆ ಎಣಿಸಿ ಲೆಕ್ಕ ಹಾಕಬಹುದು, 0.4 ಎಂಎಂ ಎಳೆ 396 ಇದ್ರೆ 50 ಸ್ಕ್ವೇರ್ ಎಂಎಂ ಆಗುತ್ತೆ. ತೂಕ ಇನ್ನೂ ಸುಲಭ, ಒಂದು ಮೀಟರ್ 50ರ ಕೇಬಲ್ಲಲ್ಲಿ ಬರೀ ತಾಮ್ರವೇ 440 ಗ್ರಾಂ ಮೇಲಿರಬೇಕು, ಇನ್ಸುಲೇಷನ್ ಸೇರಿಸಿ ತೂಗಿದ್ರೂ ಅಷ್ಟು ಬರ್ಲಿಲ್ಲ ಅಂದ್ರೆ ತಾಮ್ರ ಕಮ್ಮಿ ಇದೆ ಅಥವಾ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಅದು. ಒಂದು ಎಳೆಯನ್ನ ಬ್ಲೇಡಲ್ಲಿ ಕೆರೆದ್ರೆ ಒಳಗೆ ಬೆಳ್ಳಗೆ ಕಂಡ್ರೆ ಬಿಟ್ಬಿಡಿ. ಅಲ್ಯೂಮಿನಿಯಂ ತಾಮ್ರದ ಶೇಕಡಾ 60ರಷ್ಟು ಮಾತ್ರ ಕರೆಂಟ್ ಸಾಗಿಸುತ್ತೆ, ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ ಕ್ರಿಂಪ್ (ಲಗ್ಗನ್ನ ಕೇಬಲ್ ಮೇಲೆ ಒತ್ತಿ ಕೂರಿಸಿದ ಜಾಗ) ಒಳಗೆ ಒತ್ತಡಕ್ಕೆ ನಿಧಾನವಾಗಿ ಹರಡಿ ಸಡಿಲ ಆಗುತ್ತೆ. ಟ್ರಕ್ಕಿನ ಸೆಲ್ಫ್ ಕೇಬಲ್ಲಿಗೆ ಅದು ಬೇಡವೇ ಬೇಡ. ಬೆಳ್ಳಗಿರೋದೆಲ್ಲಾ ಅಲ್ಯೂಮಿನಿಯಂ ಅಂತಲೂ ಅಲ್ಲ, ತವರ ಲೇಪಿಸಿದ ತಾಮ್ರವೂ ಹೊರಗೆ ಬೆಳ್ಳಗಿರುತ್ತೆ, ಕೆರೆದ್ರೆ ಒಳಗೆ ಕೆಂಪು, ಅದು ಸಿಕ್ರೆ ಇನ್ನೂ ಒಳ್ಳೇದು, ಕಿಲುಬು ಬೇಗ ಹಿಡಿಯಲ್ಲ.

ವೆಲ್ಡಿಂಗ್ ಕೇಬಲ್ ಹಾಕಬಹುದಾ ಅಂತ ಎಲ್ರೂ ಕೇಳೋ ಪ್ರಶ್ನೆ. ಸಣ್ಣ ಸಣ್ಣ ಎಳೆ, ಚೆನ್ನಾಗಿ ಬಗ್ಗುತ್ತೆ, ಕರೆಂಟ್ ಸಾಗಿಸೋದ್ರಲ್ಲಿ ತೊಂದರೆ ಇಲ್ಲ. ಆದ್ರೆ ಅದರ ರಬ್ಬರ್ ಇಂಜಿನ್ ಆಯಿಲ್, ಡೀಸೆಲ್ ತಾಗಿ ಉಬ್ಬಿ ಮೆತ್ತಗಾಗೋದುಂಟು, ಹಾಗಾಗಿ ಸುತ್ತ ಕೊಳವೆ ಹಾಕದೆ ಇಂಜಿನ್ ಪಕ್ಕ ಬಿಡಬೇಡಿ. ಗಾಡಿಗೆ ಅಂತಲೇ ಬರೋ ಕೇಬಲ್ಲಲ್ಲಿ ಪಿವಿಸಿ ಇನ್ಸುಲೇಷನ್ ಇರೋದು ಸುಮಾರು 80 ಡಿಗ್ರಿ ತನಕ, ಕ್ರಾಸ್‌ಲಿಂಕ್ ಪಾಲಿಥೀನ್ ಇರೋದು 125 ಡಿಗ್ರಿ ತನಕ ತಡಿಯುತ್ತೆ, ಸೈಲೆನ್ಸರ್, ಟರ್ಬೋ ಹತ್ರ ಹಾದು ಹೋಗೋದಾದ್ರೆ ಎರಡನೇದೇ ತಗೊಳ್ಳಿ.

ನೀವೇ ಮಾಡೋದಾದ್ರೆ

ದಾರದಲ್ಲಿ ಅಥವಾ ಹಳೇ ಹೋಸ್ ಪೈಪಲ್ಲಿ ದಾರಿ ಅಳತೆ ತಗೊಳ್ಳಿ, ಕೇಬಲ್ ನಡೆಯೋ ದಾರಿಯಲ್ಲೇ ಹಾಯಿಸಿ, ಇಂಜಿನ್ ಅಲುಗಾಡೋಕೆ ಸ್ವಲ್ಪ ಸಡಿಲ ಬಿಡಿ. ಕತ್ತರಿಸೋಕೆ ಕೇಬಲ್ ಕಟರ್ ಬೇಕು, ಹ್ಯಾಕ್ಸಾದಲ್ಲಿ ಕೊಯ್ದ್ರೆ ಎಳೆಗಳು ಕೆದರಿ ಲಗ್ ಒಳಗೆ ಪೂರ್ತಿ ಹೋಗಲ್ಲ, ಹೊರಗುಳಿದ ಎಳೆ ಕತ್ತರಿಸಿ ಹಾಕೋಣ ಅನ್ಸುತ್ತೆ, ಅಲ್ಲೇ ಕೇಬಲ್ ಸಣ್ಣದಾಗೋದು. ಲಗ್ ಬಾಯಿಯ ಆಳ ಅಳೆದು ಅದಕ್ಕಿಂತ ಒಂದೆರಡು ಎಂಎಂ ಮಾತ್ರ ಜಾಸ್ತಿ ಸುಲೀರಿ, ಬ್ಲೇಡ್ ಒಂದು ಎಳೆಗೂ ತಾಗಬಾರದು. ಲಗ್ ಗಟ್ಟಿ ತಾಮ್ರದ್ದು, ತವರ ಲೇಪಿಸಿದ್ದು, ಕೇಬಲ್ ಸೈಜಿನದ್ದೇ ಇರಬೇಕು, ರಂಧ್ರ ಸ್ಟಡ್ಡಿಗೆ ಸರಿಯಾಗಿ 8 ಅಥವಾ 10 ಎಂಎಂ. ದೊಡ್ಡ ರಂಧ್ರ ತಗೊಂಡು ವಾಷರಲ್ಲಿ ಸರಿ ಮಾಡೋದು ಬೇಡ.

ಕ್ರಿಂಪ್ ಆರು ಮೂಲೆ ಡೈ (ಒತ್ತೋ ಅಚ್ಚು) ಇರೋ ಹೈಡ್ರಾಲಿಕ್ ಟೂಲಲ್ಲೇ ಮಾಡಿ, ಇಲ್ದಿದ್ರೆ ಅದು ಇರೋರ ಹತ್ರ ಮಾಡಿಸಿ. ಸುತ್ತಿಗೆಯಲ್ಲಿ ಹೊಡಿಯೋದು, ವೈಸಲ್ಲಿ ಚಪ್ಪಟೆ ಮಾಡೋದು ಹೊರಗಿಂದ ಗಟ್ಟಿ ಕಂಡ್ರೂ ಒಳಗೆ ಗಾಳಿ ಉಳಿದಿರುತ್ತೆ. ಹೊಸ ಡೈ ಸಿಕ್ಕಾಗ ನಾನು ಮೊದಲ ಕ್ರಿಂಪನ್ನ ಅಡ್ಡಕ್ಕೆ ಕೊಯ್ದು ನೋಡ್ತೀನಿ, ಎಳೆಗಳು ಜೇನುಗೂಡಿನ ಹಾಗೆ ಒತ್ತಿಕೊಂಡು ಮಧ್ಯೆ ಒಂದು ಕಪ್ಪು ಚುಕ್ಕೆಯೂ ಕಾಣದೆ ಒಂದೇ ತಾಮ್ರದ ಗಟ್ಟಿ ಹಾಗಿದ್ರೆ ಆ ಡೈ ಆ ಕೇಬಲ್ಲಿಗೆ ಸರಿ. ಒಂದು ಲಗ್ ವೇಸ್ಟ್ ಆಗುತ್ತೆ, ಆಗಲಿ. ಬೆಸುಗೆ ಹಾಕಿದ್ರೆ ಇನ್ನೂ ಗಟ್ಟಿ ಅಲ್ವಾ ಅಂದ್ರೆ ನನ್ನ ಅನುಭವದಲ್ಲಿ ಅಲ್ಲ, ಸೀಸ ಎಳೆಗಳ ಮಧ್ಯೆ ಮೇಲಕ್ಕೆ ಏರಿ ಅಷ್ಟು ದೂರ ಕೇಬಲ್ ಕಡ್ಡಿ ಆಗುತ್ತೆ, ಕಡ್ಡಿ ಮುಗಿದು ಮೆತ್ತಗಿರೋ ಕೇಬಲ್ ಶುರುವಾಗೋ ಜಾಗದಲ್ಲಿ ನಡುಗಿ ನಡುಗಿ ಎಳೆಗಳು ತುಂಡಾಗ್ತವೆ. ಸಾಮಾನ್ಯ ಬೆಸುಗೆ ಸೀಸ 183 ಡಿಗ್ರಿಗೇ ಕರಗೋಕೆ ಶುರು ಆಗುತ್ತೆ, ಕಾದ ಜಾಯಿಂಟಲ್ಲಿ ಅದೂ ನಂಬಿಕೆ ಇಲ್ಲ.

ಕ್ರಿಂಪ್ ಮೇಲೆ ಒಳಗೆ ಅಂಟು ಸವರಿರೋ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದ್ರೆ ಕುಗ್ಗೋ ಕೊಳವೆ) ಹಾಕಿ, ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸಣ್ಣ ಉಂಗುರದ ಹಾಗೆ ಹೊರಗೆ ಬಂದ್ರೆ ನೀರು, ಆಸಿಡ್ ಹಬೆ ಒಳಗೆ ಹೋಗಲ್ಲ. ಎರಡನೇ ಲಗ್ ಒತ್ತೋಕೆ ಮುಂಚೆ ಸ್ಲೀವನ್ನೂ ಟರ್ಮಿನಲ್ ಕ್ಯಾಪನ್ನೂ ಕೇಬಲ್ಲಿಗೆ ಏರಿಸಿಡಿ, ಆಮೇಲೆ ಏರಲ್ಲ. ಎರಡು ಲಗ್ಗುಗಳ ಮುಖ ಯಾವ ಕಡೆ ಇರಬೇಕು ಅಂತ ಗಾಡಿಯಲ್ಲೇ ಇಟ್ಟು ಮಾರ್ಕರಲ್ಲಿ ಗೆರೆ ಎಳ್ಕೊಳ್ಳಿ, 50ರ ಮೇಲಿನ ಗಿಡ್ಡ ಕೇಬಲ್ ತಿರುಚೋಕೆ ಆಗಲ್ಲ. ರೆಡಿಮೇಡ್ ಕೊಳ್ಳೋದಾದ್ರೂ ಇದನ್ನೇ ನೋಡಿ, ಕ್ರಿಂಪ್ ಆರು ಮೂಲೆ ಇದೆಯಾ, ಸ್ಲೀವ್ ಅಂಟಿದೆಯಾ, ಸೈಜ್ ಕೇಬಲ್ ಮೈಮೇಲೆ ಅಚ್ಚಾಗಿದೆಯಾ. ಬಿಚ್ಚಿದ ಎಳೆಗಳನ್ನ ಎರಡು ಬೋಲ್ಟಿನ ಪಟ್ಟಿ ಕೆಳಗೆ ಒತ್ತಿ ಹಿಡಿಯೋ ಬ್ಯಾಟರಿ ಕ್ಲಾಂಪ್ ದಾರಿಮಧ್ಯೆ ಕೆಟ್ಟಾಗ ಮನೆ ತಲುಪೋಕೆ ಸರಿ, ಕಾಯಂ ಹಾಕಬೇಡಿ, ಹಬೆ ನೇರ ಆ ಎಳೆಗಳಿಗೇ ತಾಗುತ್ತೆ.

ಕೂರಿಸೋವಾಗ

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಬ್ಯಾಟರಿ ಮೇಲಿನ ಬಿಳಿ ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ನೀರು ಹಾಕಿ ತೊಳೀರಿ, ಸೆಲ್ ಮುಚ್ಚಳದೊಳಗೆ ಒಂದು ಹನಿಯೂ ಹೋಗಬಾರದು. ಪಾಸಿಟಿವ್ ಪೋಸ್ಟ್ ನೆಗೆಟಿವಿಗಿಂತ ಸ್ವಲ್ಪ ದಪ್ಪ ಇರುತ್ತೆ, ಕ್ಲಾಂಪ್ ಕೂರ್ತಿಲ್ಲ ಅಂತ ಸುತ್ತಿಗೆ ತಗೊಂಡ್ರೆ ಪೋಸ್ಟ್ ಬುಡ ಸಡಿಲ ಆಗಿ ಅಲ್ಲಿಂದಲೇ ಆಸಿಡ್ ಒಸರುತ್ತೆ. ಚಾಸಿ ಮೇಲೆ ಅರ್ಥ್ ಕೂರೋ ಜಾಗವನ್ನ ಬೆಳ್ಳಿ ಹಾಗೆ ಹೊಳೆಯೋ ತನಕ ಉಜ್ಜಿ, ಲಗ್ ನೇರ ಆ ಲೋಹಕ್ಕೆ ತಾಗಬೇಕು, ಮಧ್ಯೆ ವಾಷರ್ ಬೇಡ, ವಾಷರ್ ಲಗ್ ಮೇಲೆ ಬರಲಿ, ಬಿಗಿ ಮಾಡಿದ್ಮೇಲೆ ಹೊರಗಿಂದ ಪೇಂಟ್ ಅಥವಾ ಗ್ರೀಸ್ ಸವರಿ. ಒಂದೇ ಸ್ಟಡ್ ಮೇಲೆ ನಾಲ್ಕು ಲಗ್ ಇದ್ರೆ ಸೆಲ್ಫ್ ಕೇಬಲ್ ಎಲ್ಲಕ್ಕಿಂತ ಕೆಳಗೆ, ಸಣ್ಣ ವೈರುಗಳು ಅದರ ಮೇಲೆ. ಸೆಲ್ಫ್ ಸ್ಟಡ್ಡಿನ ನಟ್ ಬಿಗಿ ಮಾಡೋವಾಗ ಒಳಗಿನ ನಟ್ಟನ್ನ ಇನ್ನೊಂದು ಸ್ಪಾನರಲ್ಲಿ ಹಿಡ್ಕೊಳ್ಳಿ, ಸ್ಟಡ್ ತಿರುಗಿದ್ರೆ ಸೋಲೆನಾಯ್ಡ್ ಒಳಗಿನ ಕಾಂಟ್ಯಾಕ್ಟ್ ಓರೆ ಆಗುತ್ತೆ.

ಸೆಲ್ಫ್ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರಲ್ಲ, ಅದು ಎಲ್ಲಾದ್ರೂ ಚಾಸಿಗೆ ಉಜ್ಜಿ ಇನ್ಸುಲೇಷನ್ ಹರಿದ್ರೆ ಬ್ಯಾಟರಿಯ ಪೂರ್ತಿ ಶಕ್ತಿ ಅಲ್ಲಿ ಬೆಂಕಿಯಾಗುತ್ತೆ. ಅದಕ್ಕೇ ಚಾಸಿ ತೂತಿನಲ್ಲಿ ಹಾಯೋ ಕಡೆ ರಬ್ಬರ್ ಗ್ರೊಮೆಟ್, ಗೇಣಿಗೊಂದು ಕ್ಲಿಪ್, ಡೀಸೆಲ್ ಪೈಪ್ ಮತ್ತು ಬ್ರೇಕ್ ಪೈಪಿಗೆ ಕಟ್ಟಬಾರದು. ಡೈನಮೋ ದೊಡ್ಡದು ಹಾಕಿ ಅದಕ್ಕೆ ಹೊಸ ಚಾರ್ಜಿಂಗ್ ಕೇಬಲ್ ಎಳೆದ್ರೆ ಅದಕ್ಕೆ ಫ್ಯೂಸ್ ಕಡ್ಡಾಯ, ಬ್ಯಾಟರಿ ತುದಿಯ ಹತ್ರ. ಹೊಸ ಗಾಡಿಗಳಲ್ಲಿ ನೆಗೆಟಿವ್ ಕ್ಲಾಂಪ್ ಮೇಲೆ ಸಣ್ಣ ಸೆನ್ಸರ್ ಇರುತ್ತೆ, ಹೊಸ ಅರ್ಥ್ ಕೇಬಲ್ಲನ್ನ ಅದರಾಚೆ ಚಾಸಿ ಕಡೆ ಕೊಡಿ, ನೇರ ಪೋಸ್ಟಿಗೆ ಕೊಟ್ರೆ ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಯ್ತು ಅನ್ನೋ ಲೆಕ್ಕ ತಪ್ಪುತ್ತೆ. ಇಂಧನ ಸಾಗಿಸೋ ಟ್ಯಾಂಕರ್ ಆದ್ರೆ ಅದರ ವೈರಿಂಗಿಗೆ ಬೇರೆಯೇ ನಿಯಮ ಇರುತ್ತೆ, ಕೈ ಹಾಕೋಕೆ ಮುಂಚೆ ತಿಳಿದೋರ ಹತ್ರ ಕೇಳಿ. ಕಟಾಫ್ ಸ್ವಿಚ್ಚನ್ನ ಇಂಜಿನ್ ಓಡ್ತಿರೋವಾಗ ಆಫ್ ಮಾಡಬೇಡಿ, ವೋಲ್ಟೇಜ್ ಚಿಮ್ಮಿ ಡೈನಮೋ ಡಯೋಡ್ ಹೋಗುತ್ತೆ.

ಎಲ್ಲಾ ಆದ್ಮೇಲೆ ಮತ್ತೆ ಅದೇ ಎರಡು ಜಾಗದಲ್ಲಿ ಮೀಟರ್ ಇಟ್ಟು ಸೆಲ್ಫ್ ಹೊಡೆಸಿ ನಂಬರ್ ಬರ್ಕೊಳ್ಳಿ. ವಾರ ಬಿಟ್ಟು ಒಂದ್ಸಲ ಕ್ಲಾಂಪ್ ಬಿಗಿ ನೋಡಿ, ಸೀಸ ಮೆತ್ತಗಿರೋದ್ರಿಂದ ಸ್ವಲ್ಪ ಕೂರುತ್ತೆ. ನಮ್ಮ ಗಾಡಿಗೆ ಆಮೇಲೆ ಪಾಸಿಟಿವ್ ಕೇಬಲ್ಲನ್ನೂ 70ಕ್ಕೆ ಬದಲಾಯಿಸಿದ್ವಿ, ಅದು ಒಂದು ಕಡೆ ಉಜ್ಜಿ ಇನ್ಸುಲೇಷನ್ ತೆಳ್ಳಗಾಗಿತ್ತು. ಈಗ ಬ್ಯಾಟರಿ ಬಾಕ್ಸ್ ಮುಚ್ಚಳದ ಒಳಗೆ ಪೇಂಟಲ್ಲಿ ಬರೆದಿದ್ದೀವಿ, ಪಾಸಿಟಿವ್ 0.4, ಅರ್ಥ್ 0.2, ಸರ್ವಿಸಿಗೆ ನಿಲ್ಲಿಸಿದಾಗೆಲ್ಲಾ ಹುಡುಗ ಮುಚ್ಚಳ ತೆಗೆದು ಮೀಟರ್ ಹಿಡಿದು "ಅಣ್ಣ, ಅರ್ಥ್ 0.2 ಇದೆ, ಅಷ್ಟೇ ಇದೆ" ಅಂತ ಕೂಗಿ ಹೇಳ್ತಾನೆ.